ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ, ಟ್ರಂಪೆಟ್ಟೂ ಇಲ್ಲ: ಮೂವರ ಜಾಝ್ ತಂಡ ಕಟ್ಟಿದ ನನ್ನ ಅನುಭವ

ಕ್ಲಾರಿನೆಟ್, ಟೆನರ್ ಬ್ಯಾಂಜೋ (ನಾಲ್ಕು ತಂತಿಯದು, ನಾನು ನುಡಿಸೋದು ಇದನ್ನೇ), ಯುಫೋನಿಯಮ್ (ದಪ್ಪ ದನಿಯ ಹಿತ್ತಾಳೆ ಊದುವಾದ್ಯ). ಇಷ್ಟೇ ನಮ್ಮ ತಂಡ. ಈ ಮೂರನ್ನೇ ಇಟ್ಟುಕೊಂಡು ಹಳೇ ನ್ಯೂ ಆರ್ಲಿಯನ್ಸ್ ಶೈಲಿಯ ಜಾಝನ್ನು ಎರಡು ಗಂಟೆ ನುಡಿಸಬಹುದು, ಜನ ಎದ್ದು ಹೆಜ್ಜೆ ಹಾಕುವ ಹಾಗೆ ನುಡಿಸಬಹುದು ಅಂತ ನಾನು ಹೇಳಿದಾಗ ಬೆಂಗಳೂರಿನ ನನ್ನ ಸಂಗೀತದ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಡ್ರಮ್ಸ್ ಇಲ್ಲದೆ ಸ್ವಿಂಗ್, ಅಂದರೆ ಜಾಝಿನ ಆ ತೂಗುವ ನಡೆ, ಬರೋದಿಲ್ಲ ಅಂದರು. ಬೇಸ್ ಇಲ್ಲದೆ ಬ್ಯಾಂಜೋ ತಗಡು ಬಡಿದ ಹಾಗೆ ಕೇಳುತ್ತೆ ಅಂದರು. ಯುಫೋನಿಯಮ್ ಮದುವೆ ಬ್ಯಾಂಡ್ ಸೆಟ್ಟಿನ ವಾದ್ಯ, ಅದಕ್ಕೆ ಜಾಝ್ ಯಾಕೆ ಅಂತಲೂ ಕೇಳಿದರು. ಈಗ ಅದೇ ಗೆಳೆಯರು ತಮ್ಮ ಪರಿಚಯದವರ ಆರತಕ್ಷತೆಗೆ ನಮ್ಮನ್ನು ಕರೆಸುತ್ತಾರೆ. ಹಾಗಾಗಿ ಹೇಗೆ ಮಾಡಿದೆವು ಅಂತ ಬರೆಯುವ ಹಕ್ಕು ನನಗೆ ಬಂದಿದೆ ಅಂದುಕೊಂಡಿದ್ದೇನೆ.

ಡ್ರಮ್ಸ್ ಬೇಕೇ ಬೇಕು ಅನ್ನುವವರಿಗೆ ನಾನು ಕೊಡುತ್ತಿದ್ದ ಉತ್ತರ ಒಂದೇ. 1925ರ ನವೆಂಬರ್‌ನಲ್ಲಿ ಶಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ಎಂಬ ಜಾಝ್ ತಂಡ ಮೊದಲ ಸಲ ರೆಕಾರ್ಡ್ ಮಾಡಿತಲ್ಲ, ಅದರಲ್ಲಿ ಡ್ರಮ್ಸ್ ಎಲ್ಲಿದೆ? ಬೇಸ್ ಎಲ್ಲಿದೆ? ಕಾರ್ನೆಟ್, ಟ್ರೊಂಬೋನ್, ಕ್ಲಾರಿನೆಟ್, ಪಿಯಾನೋ, ಬ್ಯಾಂಜೋ ಮಾತ್ರ. ಟ್ಯೂಬಾ, ಡ್ರಮ್ಸ್ ಸೇರಿದ್ದು 1927ರಲ್ಲಿ, ಅದು ಹಾಟ್ ಸೆವೆನ್ ಆದಾಗ. ಅದೇ ವರ್ಷ ಪಿಯಾನೋಗಾರ ಜೆಲ್ಲಿ ರೋಲ್ ಮಾರ್ಟನ್, ಕ್ಲಾರಿನೆಟ್ ಮತ್ತು ಡ್ರಮ್ಸ್ ನುಡಿಸುವ ಡಾಡ್ಸ್ ಸಹೋದರರನ್ನು ಕೂರಿಸಿಕೊಂಡು ಪಿಯಾನೋ, ಕ್ಲಾರಿನೆಟ್, ಡ್ರಮ್ಸ್ ಮೂರರಲ್ಲೇ ಮುಗಿಸಿದರು. ಅಲ್ಲಿ ಬೇಸ್ ಇಲ್ಲ. ನಮಗೆ ಎಲ್ಲಕ್ಕಿಂತ ಹತ್ತಿರದ್ದು ಜಾರ್ಜ್ ಲೂಯಿಸ್ ಅವರ 1944ರ ರೆಕಾರ್ಡಿಂಗ್. ಹಡಗುಕಟ್ಟೆಯ ಕೆಲಸದಲ್ಲಿ ಎದೆಗೆ ಪೆಟ್ಟಾಗಿ ಮನೆಯಲ್ಲಿ ಮಲಗಿದ್ದ ಕ್ಲಾರಿನೆಟ್‌ಗಾರ ಅವರು. ಅವರ ಮನೆಯಲ್ಲೇ ಬ್ಯಾಂಜೋ ಹಿಡಿದ ಲಾರೆನ್ಸ್ ಮರೇರೋ, ಬೇಸ್ ಹಿಡಿದ ಸ್ಲೋ ಡ್ರ್ಯಾಗ್ ಪವಾಜೋ ಜೊತೆ ನುಡಿಸಿದ್ದನ್ನು ಕೇಳಿದರೆ ಇನ್ನೇನೂ ಬೇಕು ಅನಿಸೋದಿಲ್ಲ. ನಾನು ಮಾಡಿದ್ದು ಇಷ್ಟೇ: ಆ ಬೇಸಿನ ಜಾಗಕ್ಕೆ ಯುಫೋನಿಯಮ್ ತಂದೆ, ಅದಕ್ಕೆ ಟ್ರೊಂಬೋನಿನ ಕೆಲಸವನ್ನೂ ಹೊರಿಸಿದೆ.

ಯುಫೋನಿಯಮ್ ನನ್ನ ಮೊದಲ ಆಯ್ಕೆ ಆಗಿರಲಿಲ್ಲ. ಎಲ್ಲರ ಹಾಗೆ ನಾನೂ ಸೂಸಾಫೋನ್ (ಮೈಗೆ ಸುತ್ತಿಕೊಂಡು ಊದುವ ದೊಡ್ಡ ಬೇಸ್ ವಾದ್ಯ) ಹಿಂದೆ ಬಿದ್ದಿದ್ದೆ. ಮೀರತ್‌ನಲ್ಲಿ ಮಾಡಿದ್ದು ಒಂದು ಸೆಕೆಂಡ್‌ಹ್ಯಾಂಡ್ ಸಿಕ್ಕಿತು, 30 ಸಾವಿರದ ಆಸುಪಾಸು ಕೊಟ್ಟೆ. ನೋಡಲು ಭರ್ಜರಿ. ಆದರೆ ಅದು ವರ್ಷಗಟ್ಟಲೆ ಮೆರವಣಿಗೆಯಲ್ಲಿ ಶೋಭೆಗೆ ಅಂತ ಹೊತ್ತು ತಿರುಗಿಸಿದ ವಾದ್ಯ. ವಾಲ್ವ್‌ಗಳಲ್ಲಿ ಗಾಳಿ ಸೋರುತ್ತಿತ್ತು, ಕೆಳಗಿನ ಸ್ವರಗಳು ನಿಲ್ಲುತ್ತಲೇ ಇರಲಿಲ್ಲ. ರಿಪೇರಿಗೆ ಇನ್ನೊಂದು 9 ಸಾವಿರ ಹೋಯಿತು. ಆಟೋದಲ್ಲಿ ಹಿಡಿಸೋದಿಲ್ಲ, ಪ್ರತಿ ರಿಹರ್ಸಲ್‌ಗೂ ಟೆಂಪೋ ಬಾಡಿಗೆ ಕೊಡಬೇಕು. ಕೊನೆಗೆ 18 ಸಾವಿರಕ್ಕೆ ಮಾರಿದೆ. ಅದನ್ನು ನುಡಿಸಲು ಬರುತ್ತಿದ್ದವರು ಒಂದು ಬ್ಯಾಂಡ್ ಸೆಟ್ಟಿನಲ್ಲಿ ಮೂವತ್ತು ವರ್ಷ ಯುಫೋನಿಯಮ್ ಊದಿದವರು. ನಾನು ಅವರನ್ನು ಅಣ್ಣ ಅಂತಲೇ ಕರೆಯೋದು. ಮಾರಿದ ದಿನ ಅವರೇ ಹೇಳಿದರು: "ಬಿಡಿ ಸಾರ್, ನಂದೇ ತರ್ತೀನಿ. ಮೂವತ್ತು ವರ್ಷ ನನ್ನ ಮಾತು ಕೇಳಿದೆ, ಇದಕ್ಕೂ ಕೇಳುತ್ತೆ."

ಅವರ ಯುಫೋನಿಯಮ್ ಹಳೇ ಇಂಗ್ಲೆಂಡ್ ಮಾಲು. ಕೊಳವೆ ದಪ್ಪ, ಧ್ವನಿ ತುಂಬಾ ಗಂಭೀರ. ಆದರೆ ಶ್ರುತಿ ಮೇಲೆ. ಹಳೇ ಬ್ರಿಟಿಷ್ ಮಿಲಿಟರಿ ಬ್ಯಾಂಡ್ ವಾದ್ಯ ಕೈಗೆ ಬಂದವರಿಗೆ ಈ ತಲೆನೋವು ಗೊತ್ತಿರುತ್ತೆ. ಅವುಗಳ ಎ ಸ್ವರ 452 ಹರ್ಟ್ಝ್ ಹತ್ತಿರ, ನಮ್ಮದು 440. ಹೆಚ್ಚುಕಡಿಮೆ ಅರ್ಧ ಸೆಮಿಟೋನ್ ವ್ಯತ್ಯಾಸ. ಶ್ರುತಿ ಹೊಂದಿಸಲು ಕೊಳವೆ ಉದ್ದ ಮಾಡುವ ಟ್ಯೂನಿಂಗ್ ಸ್ಲೈಡನ್ನು ಪೂರ್ತಿ ಎಳೆದರೂ ಸಾಲದು.

ಮೊದಲು ಇನ್ನೊಂದು ದಾರಿ ನೋಡಿದೆವು. ನನ್ನ ಹತ್ತಿರ ಹಾಗೇ ಎತ್ತರದ ಶ್ರುತಿಯ ಒಂದು ಹಳೇ ಆಲ್ಬರ್ಟ್ ಸಿಸ್ಟಮ್ (ಕೀಲಿಗಳ ಹಳೇ ಜೋಡಣೆ) ಕ್ಲಾರಿನೆಟ್ ಇತ್ತು. ನ್ಯೂ ಆರ್ಲಿಯನ್ಸ್‌ನ ಹಳಬರು ನುಡಿಸಿದ್ದೂ ಆಲ್ಬರ್ಟ್ ಸಿಸ್ಟಮ್ಮೇ. ಸರಿ, ಎರಡೂ ಮೇಲಿದ್ದರೆ ಬ್ಯಾಂಜೋವನ್ನೂ ಮೇಲೆ ಏರಿಸಿದರಾಯಿತು ಅಲ್ವಾ? ಏರಿಸಿದೆ. ಧ್ವನಿ ಅದ್ಭುತವಾಗಿತ್ತು, ಈಗಲೂ ನನ್ನ ಫೋನಿನಲ್ಲಿ ಆ ರೆಕಾರ್ಡಿಂಗ್ ಇದೆ. ಆದರೆ ಬ್ಯಾಂಜೋದ ಎ ತಂತಿ ಪದೇಪದೇ ಹರಿಯಿತು. ಹಾಡುವವರು, ಪಿಯಾನೋದವರು ಯಾರೂ ನಮ್ಮ ಜೊತೆ ಸೇರುವ ಹಾಗಿಲ್ಲ. ನಮ್ಮಲ್ಲಿ ಕ್ಲಾರಿನೆಟ್ ನುಡಿಸುವ ಮೇಷ್ಟ್ರು ತಮ್ಮ ಒಳ್ಳೆಯ ವಾದ್ಯವನ್ನು ಮನೆಯಲ್ಲೇ ಬಿಟ್ಟು ಬರಬೇಕು. ಆ ಆಲ್ಬರ್ಟನ್ನು ಬ್ಯಾರೆಲ್ (ಬಾಯಿಗಿಡುವ ಭಾಗದ ಕೆಳಗಿನ ತುಂಡು) ಎಳೆದು ಇಳಿಸಲೂ ಆಗೋದಿಲ್ಲ. ಮೇಲಿನ ಕೆಲವು ಸ್ವರ ಮಾತ್ರ ಇಳಿದು ಕೆಳಗಿನವು ಹಾಗೇ ಉಳಿಯುತ್ತವೆ, ತೂತುಗಳ ಅಂತರವೇ ಬೇರೆ.

ಹಾಗಾಗಿ ಯುಫೋನಿಯಮ್ಮನ್ನೇ ಇಳಿಸಬೇಕಾಯಿತು. ಲೆಕ್ಕ ಸರಳ. ಬಿ-ಫ್ಲ್ಯಾಟ್ ಯುಫೋನಿಯಮ್ಮಿನ ಕೊಳವೆ ಉದ್ದ ಸುಮಾರು ಒಂಬತ್ತು ಅಡಿ. ಅಷ್ಟು ಶ್ರುತಿ ಇಳಿಯಬೇಕಾದರೆ ಒಟ್ಟು 8 ಸೆಂಟಿಮೀಟರ್ ಹತ್ತಿರ ಉದ್ದ ಜಾಸ್ತಿ ಆಗಬೇಕು. ಸ್ಲೈಡು ಯು ಆಕಾರದ್ದು, ಅದಕ್ಕೆ ಎರಡು ಕೊಳವೆ ಇರೋದರಿಂದ ಒಂದೊಂದಕ್ಕೆ 4 ಸೆಂಟಿಮೀಟರ್. ಹಿತ್ತಾಳೆ ಕೊಳವೆ ತಂದು ಬೆಸುಗೆ ಹಾಕಿಸಿದೆವು. ಮೂರೂವರೆ ಸಾವಿರ ಆಯಿತು. ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆಮೇಲೆ ವಾಲ್ವ್ ಒತ್ತಿದ ಸ್ವರಗಳೆಲ್ಲ ಮೇಲಿವೆ ಅಂತ ದೂರುತ್ತಾರೆ. ವಾಲ್ವ್ ಸ್ಲೈಡುಗಳನ್ನೂ ಅದೇ ಅನುಪಾತದಲ್ಲಿ ಎಳೆಯಬೇಕು. ಮೊದಲನೇದು ಅರ್ಧ ಸೆಂಟಿಮೀಟರ್, ಮೂರನೇದು ಮುಕ್ಕಾಲು. ಮೂರನೇದನ್ನು ನಾವು ಇನ್ನೂ ಒಂದು ಚೂರು ಜಾಸ್ತಿ ಎಳೆದಿದ್ದೇವೆ, ಯಾಕೆಂದರೆ ಒಂದು ಮತ್ತು ಮೂರು ಒಟ್ಟಿಗೆ ಒತ್ತಿದಾಗ ಸ್ವರ ಹೇಗೂ ಮೇಲೇ ಇರುತ್ತೆ.

ಈಗ ದೊಡ್ಡ ಪ್ರಶ್ನೆ. ಮೂರು ವಾಲ್ವಿನ ಯುಫೋನಿಯಮ್ ಬೇಸ್‌ಗಿಂತ ಒಂದು ಅಷ್ಟಕ ಮೇಲೆ ನಿಂತುಬಿಡುತ್ತೆ. ಮೂರೂ ಒತ್ತಿದರೆ ಸಿಗುವ ಇ ಸ್ವರದ ಕೆಳಗೆ ದೊಡ್ಡ ಖಾಲಿ ಜಾಗ. ಅದರ ಕೆಳಗೆ ತುಟಿ ಸಡಿಲ ಬಿಟ್ಟು ತೆಗೆಯುವ ಪೆಡಲ್ ಸ್ವರಗಳು: ಬಿ-ಫ್ಲ್ಯಾಟ್, ಎ, ಎ-ಫ್ಲ್ಯಾಟ್. ಅಣ್ಣನಿಗೆ ಇವು ಮೂರೂ ಗಟ್ಟಿಯಾಗಿ ಬರುತ್ತವೆ. ಹಾಗಾಗಿ ನಾವು ಬಹುಪಾಲು ಹಾಡುಗಳನ್ನು ಬಿ-ಫ್ಲ್ಯಾಟ್ ಮತ್ತು ಇ-ಫ್ಲ್ಯಾಟ್‌ಗೆ ತಂದಿದ್ದೇವೆ. ಬಿ-ಫ್ಲ್ಯಾಟ್‌ನಲ್ಲಿ ಪೆಡಲ್ಲೇ ಷಡ್ಜ, ಇ-ಫ್ಲ್ಯಾಟ್‌ನಲ್ಲಿ ಪೆಡಲ್ಲೇ ಪಂಚಮ. ಇಡೀ ಹಾಡಿನಲ್ಲಿ ಪೆಡಲ್ ನಾಲ್ಕೈದು ಕಡೆ ಮಾತ್ರ, ಭಾಗ ಮುಗಿಯುವ ಜಾಗದಲ್ಲಿ. ಆ ನಾಲ್ಕೈದು ಸಲ ನೆಲ ತಟ್ಟಿದರೆ ಸಾಕು, ಮಿಕ್ಕ ಕಡೆಯೂ ಕೆಳಗೆ ಬೇಸ್ ಇದೆ ಅಂತ ಕಿವಿ ನಂಬುತ್ತೆ. ಪೆಡಲ್ ಸ್ವರ ತಟ್ಟನೆ ಹುಟ್ಟಲು ಮೌತ್‌ಪೀಸಿನಲ್ಲಿ ಅಣ್ಣ ಒಂದು ಚಿಕ್ಕ ಬದಲಾವಣೆ ಮಾಡಿದ್ದಾರೆ. ಅದು ಅವರ ವಿದ್ಯೆ, ಇಲ್ಲಿ ಬರೆಯೋದಿಲ್ಲ.

ಮಿಕ್ಕ ಅರ್ಧ ಕೆಲಸ ಬ್ಯಾಂಜೋದ್ದು. ನಮ್ಮ ಕಡೆ ಅಂಗಡಿಯಲ್ಲಿ ಬ್ಯಾಂಜೋ ಅಂತ ಕೇಳಿದರೆ ಬುಲ್‌ಬುಲ್ ತರಂಗ್ ತೋರಿಸುತ್ತಾರೆ. ನನ್ನ ಟೆನರ್ ಹಳೇದು, ಅಮೆರಿಕದಲ್ಲಿರುವ ಸೋದರತ್ತೆ ಮಗನ ಮೂಲಕ ತರಿಸಿದ್ದು. ಕಳಿಸುವ ಖರ್ಚು, ಕಸ್ಟಮ್ಸ್ ಎಲ್ಲ ಸೇರಿ 48 ಸಾವಿರದ ಹತ್ತಿರ. ಅದಕ್ಕೆ ಕರುವಿನ ಚರ್ಮದ ಹೊದಿಕೆ ಇತ್ತು. ಜೂನ್ ಬಂದ ಕೂಡಲೇ ಚರ್ಮ ಜೋತುಬಿತ್ತು, ತಂತಿ ಫ್ರೆಟ್ಟಿಗೆ ತಾಗುತ್ತಿತ್ತು. ಪ್ಲಾಸ್ಟಿಕ್ ಹೆಡ್ ಹಾಕಿಸಿದ ಮೇಲೆ ಆ ಕಾಟ ತಪ್ಪಿತು. ಬೆರಳಿನಿಂದ ತಟ್ಟಿದರೆ ಜಿ ಮತ್ತು ಎ-ಫ್ಲ್ಯಾಟ್ ನಡುವೆ ಕೇಳುವಷ್ಟು ಬಿಗಿ ಮಾಡುತ್ತೇನೆ.

ಗಿಟಾರಿನಿಂದ ಬಂದವರು ಡಿ-ಜಿ-ಬಿ-ಇ ಶ್ರುತಿ ಮಾಡಿಕೊಂಡು ಸುಲಭ ಮಾಡಿಕೊಳ್ಳುತ್ತಾರೆ. ನಾನೂ ಗಿಟಾರಿನವನೇ, ಮೊದಲ ವರ್ಷ ಹಾಗೇ ನುಡಿಸಿದೆ. ಒಬ್ಬನೇ ನುಡಿಸುವಾಗ ಚೆನ್ನಾಗಿತ್ತು, ಯುಫೋನಿಯಮ್ ಪಕ್ಕದಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಸಿ-ಜಿ-ಡಿ-ಎ ಶ್ರುತಿಗೆ ಹೋಗಿ, ಮೇಲಿನ ಮೂರು ತಂತಿಯಲ್ಲೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು, ಮೂಲಸ್ವರವನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೆ ಗಾಳಿ ಆಡಿತು. ಮೂಲಸ್ವರ ಅಣ್ಣನದು, ನನ್ನದು ಕಾರ್ಡಿನ ಮೂರನೇ ಮತ್ತು ಏಳನೇ ಸ್ವರ. ಸ್ಟ್ರೋಕ್ ನಾಲ್ಕೂ ಬೀಟಿಗೆ, ಆದರೆ ಒಂದು ಮತ್ತು ಮೂರು ಬರೀ ತಾಗಿ ಸತ್ತುಹೋಗಬೇಕು, ಎರಡು ಮತ್ತು ನಾಲ್ಕು ಸಿಡಿಯಬೇಕು. ಎಡಗೈ ಬೆರಳು ಸ್ಟ್ರೋಕ್ ಆದ ಮರುಕ್ಷಣ ಸಡಿಲ ಆದರೆ ಆ ಸಿಡಿತ ಸ್ನೇರ್ ಡ್ರಮ್ಮಿನದೇ. ಹೆಡ್ಡಿನ ಕೆಳಗೆ ಒಂದು ಹಳೇ ಕೈಟವೆಲ್ ಮಡಿಸಿ ಇಟ್ಟಿದ್ದೇನೆ. ಎಲ್ಲಿ, ಎಷ್ಟು ದಪ್ಪ ಅಂತ ಪ್ರತಿಯೊಬ್ಬರೂ ತಮ್ಮ ವಾದ್ಯದಲ್ಲೇ ಹುಡುಕಿಕೊಳ್ಳಬೇಕು. ನನ್ನದು ನನಗೆ ತಿಂಗಳುಗಳ ನಂತರ ಸಿಕ್ಕಿತು.

ಅಣ್ಣ ನೋಟೇಶನ್ ಓದೋದಿಲ್ಲ, ಕಾರ್ಡಿನ ಹೆಸರೂ ಬೇಡ. ಕಿವಿ ಮಾತ್ರ ಬೆಂಕಿ. ಅವರಿಗೆ ಸ್ವರದಲ್ಲೇ ಬರೆದುಕೊಟ್ಟೆ. ಒಂದು-ಆರು-ಎರಡು-ಐದು ಅನ್ನುವ ಕಾರ್ಡ್ ಕ್ರಮ ಅಂದರೆ ಸ, ದ, ರಿ, ಪ. ರ‍್ಯಾಗ್‌ಟೈಮ್ ಸರಪಳಿ ಅಂದರೆ ದ, ರಿ, ಪ, ಸ. ಹನ್ನೆರಡು ಬಾರಿನ (ನಾಲ್ಕು ಬೀಟಿನ ಆವರ್ತ ಹನ್ನೆರಡು) ಬ್ಲೂಸ್ ಅಂದರೆ ಸ, ಮ, ಪ ಮೂರೇ. ಶ್ರುತಿ ಬದಲಾದರೆ ಷಡ್ಜ ಯಾವ ವಾಲ್ವಿನಲ್ಲಿ ಅಂತ ಹೇಳಿದರೆ ಸಾಕು, ಮಿಕ್ಕದ್ದು ಬೆರಳಿಗೆ ತಾನಾಗಿ ಬರುತ್ತೆ. ಜಾಝ್ ಕಲಿತ ಹುಡುಗರು ಕಾಗದ ನೋಡಿಕೊಂಡೂ ತಡವರಿಸುವ ಕಡೆ ಅಣ್ಣ ಕಣ್ಣು ಮುಚ್ಚಿ ಶ್ರುತಿ ಬದಲಿಸುತ್ತಾರೆ. ಸ್ವಿಂಗ್ ಹೇಳಿಕೊಡಲು ತಿಶ್ರ ನಡೆ ಹಿಡಿದೆ: ತಕಿಟದಲ್ಲಿ ಕಿ ನುಂಗಿಬಿಡಿ ಅಂದೆ. ನಿಧಾನದ ಹಾಡಿಗೆ ಅದು ಸರಿಹೋಯಿತು. ವೇಗ ನಿಮಿಷಕ್ಕೆ 180 ಬೀಟ್ ದಾಟಿದರೆ ಅದೇ ಲೆಕ್ಕ ಕುಂಟುತ್ತೆ. ಅಲ್ಲಿ ಒಂದು ಬೀಟಿನೊಳಗಿನ ಎರಡೂ ಸ್ವರಗಳು ಹತ್ತಿರ ಹತ್ತಿರ ಸಮ ಆಗಬೇಕು. ಅದನ್ನು ಮಾತಲ್ಲಿ ಹೇಳಲು ಆಗಲಿಲ್ಲ. ನ್ಯೂ ಆರ್ಲಿಯನ್ಸ್ ಶವಯಾತ್ರೆಯ ಒಂದು ಹಳೇ ರೆಕಾರ್ಡಿಂಗ್ ಹಾಕಿದೆ. ಹೋಗುವಾಗ ನಿಧಾನ, ಹೂಳಿ ವಾಪಸ್ ಬರುವಾಗ ಕುಣಿತ. ಅಣ್ಣ ಕೇಳಿ, "ಇದು ನಮ್ಮ ಮೆರವಣಿಗೆ ನಡೇನೇ ಅಲ್ವಾ ಸಾರ್, ಮೊದಲೇ ಹೇಳಬಾರದಾ?" ಅಂದರು. ಅವತ್ತೇ ಬಂತು.

ರಿಹರ್ಸಲ್‌ಗೆ ಅವರನ್ನು ಹಿಡಿಯೋದೇ ಕಷ್ಟ. ಮುಹೂರ್ತದ ದಿನಗಳಲ್ಲಿ ಬ್ಯಾಂಡ್ ಸೆಟ್ಟಿನ ಆರ್ಡರ್ ಬಿಟ್ಟು ಬರಲು ಆಗೋದಿಲ್ಲ, ಬನ್ನಿ ಅಂತ ನಾನು ಕೇಳೋದೂ ಸರಿಯಲ್ಲ. ನಮ್ಮ ತಂಡ ನಿಜವಾಗಿ ಕೂಡಿದ್ದು ಆಷಾಢದಲ್ಲಿ, ಆಮೇಲೆ ಧನುರ್ಮಾಸದಲ್ಲಿ. ಮದುವೆ ಇಲ್ಲದ ತಿಂಗಳು ಬಂತು ಅಂದರೆ ವಾರಕ್ಕೆ ಮೂರು ನಾಲ್ಕು ದಿನ ಕೂರುತ್ತಿದ್ದೆವು. ಪ್ರತಿ ಸಲಕ್ಕೂ 700 ರೂ. ಕೊಟ್ಟೆ, ಊಟ ನಮ್ಮ ಮನೆಯಲ್ಲಿ. ಒಂದೂ ಕಾರ್ಯಕ್ರಮ ಸಿಗುವ ಮೊದಲೇ ಹೀಗೆ ನನ್ನ ಜೇಬಿನಿಂದ 40 ಸಾವಿರದಷ್ಟು ಹೋಗಿತ್ತು. ಸುಮ್ನೆ ಬನ್ನಿ ಅಂದಿದ್ದರೆ ತಂಡ ಉಳಿಯುತ್ತಿರಲಿಲ್ಲ, ಇದನ್ನು ಖಂಡಿತವಾಗಿ ಹೇಳುತ್ತೇನೆ.

ಲಯದ ವಿಷಯಕ್ಕೆ ಬರುತ್ತೇನೆ. ಮೊದಮೊದಲು ರೆಕಾರ್ಡ್ ಮಾಡಿ ಅಳೆದು ನೋಡಿದರೆ 160ರಲ್ಲಿ ಶುರು ಮಾಡಿದ್ದು ಮುಗಿಯುವಾಗ 185ರ ಹತ್ತಿರ ಇರುತ್ತಿತ್ತು. ಮೆಟ್ರೊನೋಮ್ ಹಾಕಿದರೆ ವೇಗ ನಿಂತಿತು, ಹಾಡು ಸತ್ತಿತು. ಕುರ್ಚಿ ಬಿಟ್ಟು ಎದ್ದು ನಡೆದೆವು. ನಮ್ಮ ತಾರಸಿಯ ಮೇಲೆ, ಮೂವರೂ, ನುಡಿಸುತ್ತಾ, ಬೀಟಿಗೊಂದು ಹೆಜ್ಜೆಯಲ್ಲ, ಎರಡು ಬೀಟಿಗೊಂದು ಹೆಜ್ಜೆ. ಎಡಗಾಲು ಒಂದಕ್ಕೆ, ಬಲಗಾಲು ಮೂರಕ್ಕೆ. ನಡೆಯುವ ಮೈ ಓಡಲು ಒಪ್ಪೋದಿಲ್ಲ. ಒಂದೆರಡು ತಿಂಗಳಲ್ಲಿ ಮೂರು ಬೀಟ್ ಆಚೀಚೆಗೆ ಬಂದು ನಿಂತಿತು. ಮಿಲಿಟರಿ ಬ್ಯಾಂಡಿನವರಿಗೆ, ಮದುವೆ ಬ್ಯಾಂಡಿನವರಿಗೆ ಇದು ಹೊಸದಲ್ಲ. ಕೂತು ಕಲಿತ ನನಗೆ ಹೊಸದು. ಈಗಲೂ ಕಾರ್ಯಕ್ರಮದ ಮೊದಲ ಹಾಡನ್ನು ಬಾಗಿಲಿನಿಂದ ನಡೆದುಬರುತ್ತಾ ನುಡಿಸುತ್ತೇವೆ. ಜನರಿಗೆ ಅದು ಚಂದ ಕಾಣುತ್ತೆ, ನಮಗೆ ವೇಗ ಕೂರುತ್ತೆ.

ಮೇಳ ಕಟ್ಟಿದ ಕ್ರಮ ನನ್ನ ಹೆಮ್ಮೆ. ಟ್ರಂಪೆಟ್ ಇಲ್ಲದಿರೋದರಿಂದ ಮೊದಲ ಸುತ್ತಿನ ರಾಗ ಕ್ಲಾರಿನೆಟ್‌ಗೆ, ಕೆಳಗಿನ ಸ್ಥಾಯಿಯಲ್ಲಿ. ಎರಡನೇ ಸುತ್ತಿಗೆ ರಾಗ ಯುಫೋನಿಯಮ್‌ಗೆ ಹೋಗುತ್ತೆ, ಕ್ಲಾರಿನೆಟ್ ಮೇಲೆ ಹಾರಿ ಸುತ್ತುಬಳಸಿ ಹೆಣೆಯುತ್ತೆ. ಆಗ ಬೇಸ್ ಯಾರದು? ಯಾರದೂ ಅಲ್ಲ. ಎಲ್ಲರೂ ಬೇಡ ಅಂದದ್ದು ಇದನ್ನೇ. ರಾಗದ ಪ್ರತಿ ಸಾಲಿನ ಕೊನೆಗೆ ಉದ್ದ ಸ್ವರ ಇರುತ್ತಲ್ಲ, ಅಣ್ಣ ಅದನ್ನು ಅರ್ಧಕ್ಕೇ ಕಡಿದು ಎರಡು ಬೇಸ್ ಸ್ವರ ಇಳಿಸಿ ಮುಂದಿನ ಸಾಲಿಗೆ ಹತ್ತುತ್ತಾರೆ. ಕೇಳುವವರಿಗೆ ಇಬ್ಬರು ನುಡಿಸಿದ ಹಾಗೆ ಇರುತ್ತೆ. ಒಂದು ಕಡೆ ಕಾರ್ಯಕ್ರಮ ಮುಗಿದ ಮೇಲೆ ಪಿಯಾನೋ ನುಡಿಸುವವರೊಬ್ಬರು ಬಂದು ಬೇಸ್ ಟ್ರ್ಯಾಕ್ ಎಲ್ಲಿಂದ ಬಿಟ್ಟಿರಿ ಅಂತ ಕೇಳಿದರು.

ಉಸಿರಿನ ನಕ್ಷೆಯೂ ಬೇಕು. ಎರಡು ಗಂಟೆ ಬೇಸ್ ಊದುವವರು ಎಲ್ಲಿ ಉಸಿರು ತಗೊಳ್ಳುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಆ ಜಾಗವನ್ನು ಬ್ಯಾಂಜೋ ತ್ರಿವಳಿ ಸ್ಟ್ರೋಕಿನಿಂದ ತುಂಬಬಹುದು. ನಮ್ಮಲ್ಲಿ ಪ್ರತಿ ನಾಲ್ಕನೇ ಬಾರಿನ ಮೂರನೇ ಬೀಟ್ ಅಣ್ಣನ ಉಸಿರು. ಅದು ನಮ್ಮ ಶೈಲಿ ಅಂತ ಈಗ ಜನ ಗುರುತಿಸುತ್ತಾರೆ.

ಮಧ್ಯೆ ಬೇರೆ ಬೇರೆ ಪ್ರಯೋಗ ಮಾಡಿದ್ದೇವೆ. ತಾಳಕ್ಕೆ ಗೀರುವ ವಾಷ್‌ಬೋರ್ಡ್ (ಬಟ್ಟೆ ಒಗೆಯುವ ಹಲಗೆ) ಇರಲಿ ಅಂತ ಅಲೆಅಲೆ ತಗಡನ್ನು ಕತ್ತರಿಸಿ ಮರದ ಚೌಕಟ್ಟಿಗೆ ಬಡಿದು, ಬೆರಳಿಗೆ ದರ್ಜಿಗಳು ಹಾಕುವ ಲೋಹದ ಟೋಪಿ ತೊಟ್ಟು ಗೀರಿದೆವು. ಖರ್ಚು 400 ರೂ. ಚಾವಣಿ ತಗಡಿನ ಅಲೆ ತುಂಬಾ ದೊಡ್ಡದು, ಶಬ್ದ ಒರಟು. ಸಣ್ಣ ಅಲೆಯ ಅಲ್ಯೂಮಿನಿಯಂ ಸಿಕ್ಕರೆ ಮತ್ತೆ ನೋಡುತ್ತೇನೆ. ಜಗ್ ಬ್ಯಾಂಡ್‌ಗಳಲ್ಲಿ ಜಾಡಿಗೆ ತುಟಿ ಹಿಡಿದು ಬೇಸ್ ಊದುತ್ತಿದ್ದರಲ್ಲ, ಅದನ್ನು ಒಂದು ಹಳೇ ಘಟದಲ್ಲಿ ಮಾಡಿ ನೋಡಿದೆವು. ಬಾಯಿ ಅಗಲ ಆದ್ದರಿಂದ ಸರಿಬರಲಿಲ್ಲ. ಕಿರಿದಾದ ಬಾಯಿಯ ಉಪ್ಪಿನಕಾಯಿ ಭರಣಿ ತುಂಬಾ ಚೆನ್ನಾಗಿ ಗುಮ್ಮೆಂದಿತು. ಮೋರ್ಸಿಂಗ್ ಪ್ರಯೋಗ ಮಾತ್ರ ನಿಜಕ್ಕೂ ಗೆದ್ದಿತು. ಒಂದೇ ಶ್ರುತಿಯ ವಾದ್ಯ, ಆದ್ದರಿಂದ ಬ್ಲೂಸ್‌ಗೆ ಮಾತ್ರ. ಬಿ-ಫ್ಲ್ಯಾಟ್‌ಗೆ ಒಂದು, ಇ-ಫ್ಲ್ಯಾಟ್‌ಗೆ ಒಂದು ಇಟ್ಟುಕೊಂಡಿದ್ದೇನೆ. ಒಂದು ಹಾಡಿನಲ್ಲಿ ಬ್ಯಾಂಜೋ ಕೆಳಗಿಟ್ಟು ಅದನ್ನೇ ನುಡಿಸುತ್ತೇನೆ.

ಕ್ಲಾರಿನೆಟ್ ಮೇಷ್ಟ್ರ ಬಗ್ಗೆ ಹೇಳದಿದ್ದರೆ ಅನ್ಯಾಯ. ಸರ್ಕಾರಿ ಬ್ಯಾಂಡಿನಿಂದ ನಿವೃತ್ತರಾದವರು. ನಮ್ಮ ನಾಡಿನಲ್ಲಿ ಬ್ಯಾಂಡ್ ವಾದ್ಯದಿಂದ ದೊಡ್ಡ ಸಂಗೀತ ಹುಟ್ಟಿದ್ದು ಇದೇ ಮೊದಲೇನಲ್ಲ. ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೋಫೋನಿನ ಆಸೆ ಹುಟ್ಟಿಸಿದ್ದು ಮೈಸೂರು ಅರಮನೆಯ ಬ್ಯಾಂಡ್. ಮೇಷ್ಟ್ರ ಸ್ವರ ನೂಲು ಹಿಡಿದ ಹಾಗೆ ನೇರ. ಜಾಝಿಗೆ ಕಂಪನ ಬೇಕು, ಸ್ವರದ ಕೊನೆಯಲ್ಲಿ ಅಗಲವಾಗಿ. "ಅದು ಶ್ರುತಿದೋಷ ಕಣಪ್ಪಾ" ಅನ್ನುತ್ತಿದ್ದರು. ಅವರನ್ನು ಬದಲಿಸಲು ನಾನು ಹೋಗಲಿಲ್ಲ. ಜಾರ್ಜ್ ಲೂಯಿಸ್ ರೆಕಾರ್ಡಿಂಗ್ ಕೊಟ್ಟು ಸುಮ್ಮನಿದ್ದೆ. ಎರಡು ವಾರದ ನಂತರ ಬಂದು ಕೇಳಿಸಿದರು. ರೀಡ್ ಕೂಡ ಅರ್ಧ ನಂಬರ್ ಇಳಿಸಿದ್ದರು. ರೀಡ್ ಖರ್ಚು ತಂಡದ್ದೇ, ಬಾಕ್ಸಿಗೆ 3 ಸಾವಿರದ ಹತ್ತಿರ, ಹತ್ತರಲ್ಲಿ ನಾಲ್ಕು ಚೆನ್ನಾಗಿದ್ದರೆ ಪುಣ್ಯ.

ದುಡ್ಡಿನ ಲೆಕ್ಕ. ಮೊದಲ ಕಾರ್ಯಕ್ರಮ ಒಂದು ಪಬ್ಬಿನಲ್ಲಿ, ಮೂವರಿಗೂ ಸೇರಿ 6 ಸಾವಿರ. ಸೌಂಡಿನವರು ಬಂದವರೇ ಡ್ರಮ್ಮರ್ ಎಲ್ಲಿ ಅಂದರು. "ಬ್ಯಾಂಜೋನೇ ಡ್ರಮ್" ಅಂದೆ. ನಂಬದೆ ವಿರಾಮದಲ್ಲಿ ಹಾಕುವ ಡ್ರಮ್ ಲೂಪನ್ನು ನಮ್ಮ ಕೆಳಗೆ ಸಣ್ಣಗೆ ಬಿಟ್ಟರು. ಮೊದಲರ್ಧ ಹಾಳಾಯಿತು. ಪಬ್ಬುಗಳಲ್ಲಿ ಆಮೇಲೂ ಪ್ರಯತ್ನಪಟ್ಟೆವು, ಗದ್ದಲದಲ್ಲಿ ನಮ್ಮ ಸಂಗೀತ ನಿಲ್ಲೋದಿಲ್ಲ. ದಾರಿ ತೆರೆದದ್ದು ಅಪಾರ್ಟ್‌ಮೆಂಟಿನ ಭಾನುವಾರದ ಬೆಳಗ್ಗೆಗಳು, ಸಣ್ಣ ಆರತಕ್ಷತೆಗಳು, ಗ್ಯಾಲರಿಗಳು. ಕರೆಂಟ್ ಇಲ್ಲದೆಯೂ ನುಡಿಸುತ್ತೇವೆ, ಸೆಟಪ್‌ಗೆ ಹತ್ತು ನಿಮಿಷ ಸಾಕು ಅನ್ನೋದು ಕರೆಯುವವರಿಗೆ ದೊಡ್ಡ ಸಮಾಧಾನ. ಈಗ ಎರಡು ಗಂಟೆಗೆ 27 ಸಾವಿರ ತಗೊಳ್ಳುತ್ತೇವೆ, ಮೂರು ಸಮಪಾಲು. ಊರಾಚೆ ಆದರೆ ಕಾರು ಬೇರೆ. ಹಾಕಿದ ದುಡ್ಡು ಮೂರನೇ ವರ್ಷಕ್ಕೆ ವಾಪಸ್ ಬಂತು.

ಮೈಕ್ ಕೊಟ್ಟೇ ಕೊಡುತ್ತೇವೆ ಅನ್ನುವವರಿಗೆ ನಮ್ಮ ಷರತ್ತು: ಒಂದೇ ಕಂಡೆನ್ಸರ್ ಮೈಕ್. ಮೇಷ್ಟ್ರು ಎರಡೂವರೆ ಅಡಿ ದೂರ, ನಾನು ನಾಲ್ಕಡಿ, ಅಣ್ಣ ಆರಡಿ ಹಿಂದೆ. ಯುಫೋನಿಯಮ್ ಬಾಯಿ ಮೇಲೆ ನೋಡುತ್ತೆ, ಆದ್ದರಿಂದ ಅವರ ತಲೆಯ ಮೇಲೆ ಗಟ್ಟಿ ಚಾವಣಿ ಇರುವ ಜಾಗ ಹುಡುಕಿ ನಿಲ್ಲಿಸುತ್ತೇವೆ. ಶಾಮಿಯಾನದ ಬಟ್ಟೆ ಆ ಧ್ವನಿಯನ್ನೆಲ್ಲ ಕುಡಿದುಬಿಡುತ್ತೆ. ಬಯಲಲ್ಲಾದರೆ ಅವರ ಹಿಂದೆ ಗೋಡೆ ಬೇಕು. ಗೋಡೆಯೂ ಇಲ್ಲದಿದ್ದರೆ ಒಂದು ಪ್ಲೈವುಡ್ ಹಲಗೆ ನಾವೇ ಒಯ್ಯುತ್ತೇವೆ, ನಾಲ್ಕಡಿಗೆ ನಾಲ್ಕಡಿ, ಮಧ್ಯೆ ಕೀಲು ಹಾಕಿಸಿ ಮಡಚುವ ಹಾಗೆ ಮಾಡಿಸಿದ್ದು. ಅಣ್ಣನ ಬೆನ್ನಿನಿಂದ ಎರಡಡಿ ಹಿಂದೆ, ಮೇಲ್ತುದಿ ಅವರ ತಲೆಯ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದ ಹಾಗೆ ಎತ್ತಿ ಕಟ್ಟಬೇಕು.